ಅಡ್ವಾನ್ಸ್ ಕೊಡುವ ಮುಂಚೆ: ಮೊದಲ ಮನೆ, ಮೊದಲ ಗೃಹಸಾಲ

ಪ್ರಶ್ನೆ: ನಾನು, ನನ್ನ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಖಾಸಗಿ ಕಂಪನಿಗಳಲ್ಲಿ ಕೆಲಸದಲ್ಲಿದ್ದೇವೆ. ವಯಸ್ಸು 34 ಮತ್ತು 31. ಇಬ್ಬರದೂ ಸೇರಿ ಕೈಗೆ ಬರುವ ಸಂಬಳ ತಿಂಗಳಿಗೆ 1.15 ಲಕ್ಷ. ಮನೆ ಬಾಡಿಗೆ 18,000. ಕಾರಿನ ಸಾಲದ ಕಂತು 12,000, ಇನ್ನೂ ಎರಡು ವರ್ಷ ಇದೆ. ಉಳಿತಾಯ 14 ಲಕ್ಷ. ಒಂಬತ್ತು ವರ್ಷ ಹಳೆಯ 2 ಬಿಎಚ್‌ಕೆ ಫ್ಲ್ಯಾಟ್ ನೋಡಿದ್ದೇವೆ, ಬೆಲೆ 68 ಲಕ್ಷ. ಸಾಲದ ಏಜೆಂಟ್ ಒಬ್ಬರು ‘ಶೇ 80 ಆರಾಮಾಗಿ ಸಿಗುತ್ತೆ’ ಅಂದರು. ಓನರ್ ಈ ಭಾನುವಾರದೊಳಗೆ 2 ಲಕ್ಷ ಅಡ್ವಾನ್ಸ್ ಕೊಡಿ, ಬೇರೆಯವರೂ ಕೇಳ್ತಿದ್ದಾರೆ ಅಂತಿದ್ದಾರೆ. ರಿಜಿಸ್ಟ್ರೇಷನ್ 52 ಲಕ್ಷಕ್ಕೆ ಮಾಡಿಸಿ ಉಳಿದದ್ದು ಕ್ಯಾಶ್ ಕೊಟ್ಟರೆ ಇಬ್ಬರಿಗೂ ಲಾಭ ಅಂತಲೂ ಹೇಳಿದರು. ಕೊಡಬಹುದಾ ಸರ್? ಸಾಲ 20 ವರ್ಷಕ್ಕೆ ತಗೊಳ್ಳೋದಾ, 30ಕ್ಕಾ? ಯಾವ ಬ್ಯಾಂಕ್ ಒಳ್ಳೆಯದು?

ಉತ್ತರ: ಭಾನುವಾರ 2 ಲಕ್ಷ ಕೊಡಬೇಡಿ. ಫ್ಲ್ಯಾಟ್ ಚೆನ್ನಾಗಿಯೇ ಇರಬಹುದು, ನಿಮಗೆ ಸಾಲವೂ ಸಿಗಬಹುದು. ಆದರೆ ಆ ಫ್ಲ್ಯಾಟಿನ ಮೇಲೆ ಸಾಲ ಸಿಗುತ್ತಾ ಅನ್ನೋದು ನಿಮಗೂ ಗೊತ್ತಿಲ್ಲ, ಏಜೆಂಟರಿಗೂ ಗೊತ್ತಿಲ್ಲ. ಬ್ಯಾಂಕು ಸಾಲ ಕೊಡುವ ಮುಂಚೆ ಎರಡು ಪರೀಕ್ಷೆ ಮಾಡುತ್ತದೆ. ಒಂದು ನಿಮ್ಮದು: ಸಂಬಳ, ಸಿಬಿಲ್ (ಹಿಂದಿನ ಸಾಲಗಳನ್ನು ಹೇಗೆ ಕಟ್ಟಿದ್ದೀರಿ ಅನ್ನುವ ವರದಿ, ಅಂಕ), ಈಗಿರುವ ಸಾಲ. ಇನ್ನೊಂದು ಮನೆಯದು: ಅದರ ಕಾಗದ ಪತ್ರ. ಏಜೆಂಟ್ ನೋಡಿರುವುದು ಮೊದಲನೆಯದನ್ನು ಮಾತ್ರ. ಬೆಂಗಳೂರಿನಲ್ಲಿ ನಾನು ನೋಡಿದ ಹಾಗೆ, ಒಳ್ಳೆಯ ಸಂಬಳ ಇರುವವರ ಅರ್ಜಿ ಬಿದ್ದುಹೋಗುವುದು ಸಾಮಾನ್ಯವಾಗಿ ಎರಡನೆಯದರಲ್ಲಿ.

ಅದಕ್ಕೂ ಮೊದಲು ದುಡ್ಡಿನ ಲೆಕ್ಕ ಸರಿಯಾಗಿ ಹಾಕೋಣ. ನಿಮ್ಮ ಪತ್ರ ಓದಿದಾಗ ನನಗೆ ಚಿಂತೆಯಾಗಿದ್ದು ಆ 14 ಲಕ್ಷದ ಬಗ್ಗೆ.

ಶೇ 80 ಸಿಕ್ಕರೂ ಸಾಕಾಗಲ್ಲ

ರಿಸರ್ವ್ ಬ್ಯಾಂಕಿನ ನಿಯಮ ಹೀಗಿದೆ. ಸಾಲ 30 ಲಕ್ಷದವರೆಗಿದ್ದರೆ ಮನೆ ಬೆಲೆಯ ಶೇ 90ರವರೆಗೆ ಕೊಡಬಹುದು. 30ರಿಂದ 75 ಲಕ್ಷದವರೆಗೆ ಶೇ 80. ಅದಕ್ಕಿಂತ ಜಾಸ್ತಿ ಸಾಲಕ್ಕೆ ಶೇ 75. ಇದು ಮಿತಿ. ಬ್ಯಾಂಕು ಇದಕ್ಕಿಂತ ಕಡಿಮೆಯೂ ಕೊಡಬಹುದು. ನಿಮ್ಮ 68 ಲಕ್ಷಕ್ಕೆ ಶೇ 80 ಅಂದರೆ 54.4 ಲಕ್ಷ. ಉಳಿದ 13.6 ಲಕ್ಷ ನಿಮ್ಮದು. ನಮ್ಮ ಹತ್ತಿರ 14 ಇದೆ, ಸರಿಹೋಯ್ತು ಅಂತ ನೀವು ಅಂದುಕೊಂಡಿದ್ದೀರಿ, ಅಲ್ವಾ?

ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಶುಲ್ಕ ಈ ಬೆಲೆಯಲ್ಲಿ ಸೇರಲ್ಲ. ಅದಕ್ಕೆ ಬ್ಯಾಂಕು ಸಾಲ ಕೊಡಲ್ಲ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಫ್ಲ್ಯಾಟಿಗೆ ಸ್ಟ್ಯಾಂಪ್ ಡ್ಯೂಟಿ ಶೇ 5. ಆ ಡ್ಯೂಟಿಯ ಮೇಲೆ ಶೇ 10 ಸೆಸ್, ನಗರದಲ್ಲಿ ಶೇ 2 ಸರ್‌ಚಾರ್ಜ್. ಅಲ್ಲಿಗೆ ಶೇ 5.6. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6. ನಿಮ್ಮ ಫ್ಲ್ಯಾಟಿಗೆ 5.17 ಲಕ್ಷ ರೂಪಾಯಿ.

ಈಗ 13.6ಕ್ಕೆ 5.17 ಸೇರಿಸಿ: 18.77 ಲಕ್ಷ. ಇದಕ್ಕೆ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ವಕೀಲರ ಫೀಸು, ಅಡಮಾನ ಪತ್ರದ ಸ್ಟ್ಯಾಂಪ್ ಖರ್ಚು, ಖಾತಾ ವರ್ಗಾವಣೆ, ಅಸೋಸಿಯೇಷನ್ನಿನ ಹೆಸರು ಬದಲಾವಣೆ ಶುಲ್ಕ, ಪೇಂಟಿಂಗು, ಮನೆ ಸಾಗಿಸುವ ಲಾರಿ, ಗೃಹಪ್ರವೇಶದ ಊಟ. ಎಷ್ಟು ಹಿಡಿತ ಮಾಡಿದರೂ ಲಕ್ಷ, ಒಂದೂವರೆ ಲಕ್ಷ. ಹತ್ತಿರ ಹತ್ತಿರ 20 ಲಕ್ಷ ಕೈಯಲ್ಲಿರಬೇಕು. ನಿಮಗೆ 6 ಲಕ್ಷ ಕಡಿಮೆ ಬೀಳುತ್ತದೆ.

ಇನ್ನೊಂದು ವಿಷಯ. ಶೇ 80 ಲೆಕ್ಕ ಹಾಕುವುದು ನೀವು ಒಪ್ಪಿಕೊಂಡ ಬೆಲೆಯ ಮೇಲೆ ಅಂತ ಖಾತ್ರಿ ಇಲ್ಲ. ಬ್ಯಾಂಕಿನಿಂದ ಎಂಜಿನಿಯರ್ ಬಂದು ಫ್ಲ್ಯಾಟಿಗೆ ಬೆಲೆ ಕಟ್ಟುತ್ತಾರೆ. ಒಪ್ಪಂದದ ಬೆಲೆ, ಅವರು ಕಟ್ಟಿದ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಸಾಲ. ಅವರು 64 ಲಕ್ಷ ಅಂತ ಬರೆದರೆ ಸಾಲ 51.2 ಲಕ್ಷಕ್ಕೆ ಇಳಿಯುತ್ತದೆ. ನೀವು ಮತ್ತೆ 3.2 ಲಕ್ಷ ಹುಡುಕಬೇಕು.

ಈ ಕೊರತೆ ಕಂಡ ತಕ್ಷಣ ಏಜೆಂಟ್ ಹೇಳುವುದು ಒಂದೇ ಮಾತು: ‘ಒಂದು ಪರ್ಸನಲ್ ಲೋನ್ ಮಾಡ್ಸಿಬಿಡೋಣ ಸರ್.’ ಬೇಡ. ಅದರ ಬಡ್ಡಿ ಗೃಹಸಾಲಕ್ಕಿಂತ ಬಹಳ ಜಾಸ್ತಿ, ಅವಧಿ ನಾಲ್ಕೈದು ವರ್ಷ. ಹಾಗಾಗಿ ಕಂತು ದೊಡ್ಡದು. ಆ ಕಂತು ಸಿಬಿಲ್‌ನಲ್ಲಿ ಕಾಣುತ್ತದೆ. ಅದನ್ನು ನೋಡಿ ಬ್ಯಾಂಕು ಗೃಹಸಾಲವನ್ನೇ ಕಡಿಮೆ ಮಾಡುತ್ತದೆ.

ಬೇರೆ ದಾರಿಗಳಿವೆ. ಮನೆ ಕೊಳ್ಳಲು ಅಂತ ಪಿಎಫ್‌ನಿಂದ ಸ್ವಲ್ಪ ಹಣ ತೆಗೆಯಲು ಅವಕಾಶ ಇದೆ, ಇಬ್ಬರಿಗೂ ಎಷ್ಟು ಬರುತ್ತದೆ ಅಂತ ಪೋರ್ಟಲ್‌ನಲ್ಲಿ ನೋಡಿ. ಅಪ್ಪ ಅಮ್ಮ ಕೊಡುವುದಾದರೆ ಚೆಕ್ಕಿನಲ್ಲಿ ಅಥವಾ ಖಾತೆಗೆ ಹಾಕಿಸಿಕೊಳ್ಳಿ. ತಂದೆ ತಾಯಿ ಮಕ್ಕಳಿಗೆ ಕೊಟ್ಟ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಎಲ್ಲಕ್ಕಿಂತ ಸರಳ ದಾರಿ ಒಂದೂವರೆ ವರ್ಷ ಕಾಯುವುದು, ಇಲ್ಲವೇ ಚಿಕ್ಕ ಮನೆ ನೋಡುವುದು. ಇದನ್ನು ಕೇಳಲು ಯಾರಿಗೂ ಇಷ್ಟ ಆಗಲ್ಲ ಅಂತ ಗೊತ್ತು.

52 ಲಕ್ಷಕ್ಕೆ ರಿಜಿಸ್ಟ್ರೇಷನ್?

ಓನರ್ ಹೇಳಿದ ‘ಇಬ್ಬರಿಗೂ ಲಾಭ’ದ ಲೆಕ್ಕ ನೋಡಿ. 16 ಲಕ್ಷ ಕಡಿಮೆ ತೋರಿಸಿದರೆ ನಿಮಗೆ ಉಳಿಯುವ ಸ್ಟ್ಯಾಂಪ್, ನೋಂದಣಿ ಖರ್ಚು 1.22 ಲಕ್ಷ. ಆದರೆ ಬ್ಯಾಂಕು ಸಾಲ ಕೊಡುವುದು 52 ಲಕ್ಷಕ್ಕೆ. ಅದರ ಶೇ 80 ಅಂದರೆ 41.6 ಲಕ್ಷ. ಸಾಲ 12.8 ಲಕ್ಷ ಕಡಿಮೆಯಾಯಿತು. ಅಷ್ಟನ್ನೂ ನೀವು ಕ್ಯಾಶ್ ತರಬೇಕು. 14 ಲಕ್ಷ ಇಟ್ಟುಕೊಂಡವರಿಗೆ ಇದು ಆಗದ ಮಾತು.

ಕಾನೂನಿನ ಮಾತು ಬೇರೆ ಇದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ. ನಾಳೆ ನೀವು ಈ ಮನೆ ಮಾರುವಾಗ ಕೊಂಡ ಬೆಲೆ 52 ಲಕ್ಷ ಅಂತಲೇ ಲೆಕ್ಕ, ಆ 16 ಲಕ್ಷಕ್ಕೂ ಲಾಭದ ತೆರಿಗೆ ನೀವೇ ಕಟ್ಟಬೇಕು. ಲಾಭ ಏನಿದ್ದರೂ ಓನರ್‌ಗೆ. ಪೂರ್ತಿ ಬೆಲೆ ಕಾಗದದ ಮೇಲೆ ಬರದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳುವವರು ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನಿಮ್ಮ ಲೆಕ್ಕದಲ್ಲಿ 68,000. ಇದು ಮೇಲಿನ ಖರ್ಚಲ್ಲ, ಓನರ್‌ಗೆ ಕೊಡುವುದರಲ್ಲೇ ಹಿಡಿಯುವುದು. ಮರೆತರೆ ದಂಡ ನಿಮಗೆ. ಓನರ್ ವಿದೇಶದಲ್ಲಿ ನೆಲೆಸಿದವರಾಗಿದ್ದರೆ ಈ ಶೇ 1 ಅನ್ವಯಿಸಲ್ಲ, ತುಂಬಾ ಜಾಸ್ತಿ ಹಿಡಿಯಬೇಕಾಗುತ್ತದೆ. ಆಗ ಆಡಿಟರ್ ಒಬ್ಬರನ್ನು ಕೇಳದೆ ಹೆಜ್ಜೆ ಇಡಬೇಡಿ.

ಈಗ ಮನೆಯ ಪರೀಕ್ಷೆ

ಓನರ್ ಹತ್ತಿರ ಜೆರಾಕ್ಸ್ ಸೆಟ್ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಅದೇ ನಿಮಗೆ ಉತ್ತರ. ಹಳೆಯ ಫ್ಲ್ಯಾಟಿಗೆ ಇರಬೇಕಾದ್ದು: ಜಮೀನಿನ ಮೂಲ ಪತ್ರ, ಅಂದರೆ ಮದರ್ ಡೀಡ್. ಅಲ್ಲಿಂದ ಇಲ್ಲಿಯವರೆಗೆ ಕೈ ಬದಲಾದ ಎಲ್ಲ ಕ್ರಯಪತ್ರ. ಕೃಷಿ ಜಮೀನಾಗಿದ್ದರೆ ಅದನ್ನು ಕೃಷಿಯೇತರ ಬಳಕೆಗೆ ಬದಲಾಯಿಸಿದ ಡಿಸಿ ಕನ್ವರ್ಷನ್ ಆದೇಶ. ಮಂಜೂರಾದ ಪ್ಲಾನು, ಒಸಿ. ಫ್ಲ್ಯಾಟಿನ ಖಾತಾ (ಪಾಲಿಕೆಯ ಆಸ್ತಿ ತೆರಿಗೆ ದಾಖಲೆ), ತೆರಿಗೆ ಕಟ್ಟಿದ ರಸೀದಿ, ಇಸಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ). ಅಸೋಸಿಯೇಷನ್ನಿನ ಬಾಕಿ ಇಲ್ಲ ಅನ್ನುವ ಪತ್ರ.

ಖಾತಾ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಈಗ ಇ-ಖಾತಾ ಇಲ್ಲದೆ ರಿಜಿಸ್ಟ್ರೇಷನ್ ಆಗಲ್ಲ. ಹಾಗಾಗಿ ಮಾರುವವರು ‘ಇ-ಖಾತಾ ಆಗಿದೆ, ಏನೂ ತೊಂದ್ರೆ ಇಲ್ಲ’ ಅಂತಾರೆ. ಆದರೆ ಎ ಖಾತಾಗೂ (ಎಲ್ಲ ಅನುಮತಿ ಸರಿಯಿರುವ ಆಸ್ತಿಯದು) ಇ-ಖಾತಾ ಇದೆ, ಬಿ ಖಾತಾಗೂ (ಅನುಮತಿಯಲ್ಲಿ ಕೊರತೆ ಇರುವ ಆಸ್ತಿಯದು) ಇ-ಖಾತಾ ಇದೆ. ಕಾಗದ ಕಂಪ್ಯೂಟರಿಗೆ ಬಂದ ಮಾತ್ರಕ್ಕೆ ಬಿ ಹೋಗಿ ಎ ಆಗಲ್ಲ. ಇ-ಖಾತಾ ಕೈಗೆ ಬಂದಾಗ ಅದು ಎ ವಹಿಯದೋ ಬಿ ವಹಿಯದೋ ಅಂತ ಮೊದಲು ನೋಡಿ. ಬಿ ಆಗಿದ್ದರೆ ಹೆಚ್ಚಿನ ಬ್ಯಾಂಕುಗಳು ಸಾಲ ಕೊಡಲ್ಲ. ಕೆಲವು ಹೌಸಿಂಗ್ ಫೈನಾನ್ಸ್ ಕಂಪನಿಗಳು ಕೊಡುತ್ತವೆ, ಬಡ್ಡಿ ಜಾಸ್ತಿ ಹಾಕಿ. ಬಿ ಖಾತಾ ಮನೆ ಸ್ವಲ್ಪ ಅಗ್ಗಕ್ಕೆ ಸಿಗುವುದು ಇದಕ್ಕೇ. ನಾಳೆ ಬಿಯಿಂದ ಎ ಆಗುತ್ತೆ ಅಂತ ಓನರ್ ಭರವಸೆ ಕೊಟ್ಟರೆ, ಆದ ಮೇಲೆ ಬನ್ನಿ ಅನ್ನಿ.

ಒಸಿ ಅಂದರೆ ಕಟ್ಟಡ ಪ್ಲಾನಿನ ಪ್ರಕಾರ ಕಟ್ಟಿದೆ, ವಾಸಕ್ಕೆ ಯೋಗ್ಯ ಅಂತ ಪಾಲಿಕೆ ಕೊಡುವ ಪತ್ರ. ಬೆಂಗಳೂರಿನಲ್ಲಿ ಅದು ಇಲ್ಲದ ಅಪಾರ್ಟ್‌ಮೆಂಟಿಗೆ ಬರವಿಲ್ಲ. ಮೂರು ಮಹಡಿಗೆ ಅನುಮತಿ ತಗೊಂಡು ಮೇಲೊಂದು ಮಹಡಿ ಎಬ್ಬಿಸಿರುತ್ತಾರೆ. ನೀವು ನೋಡಿದ ಫ್ಲ್ಯಾಟ್ ಆ ಮೇಲಿನ ಮಹಡಿಯಲ್ಲಿದ್ದರೆ? ಪ್ಲಾನಿನ ಪ್ರತಿ ತೆಗೆದು ನಿಮ್ಮ ಫ್ಲ್ಯಾಟ್ ನಂಬರು ಅದರಲ್ಲಿ ಇದೆಯಾ ಅಂತ ನೋಡಿ. ಐದು ನಿಮಿಷದ ಕೆಲಸ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಒಸಿ ಅಥವಾ ಕಂಪ್ಲೀಷನ್ ಸರ್ಟಿಫಿಕೇಟ್ ಪರಿಶೀಲಿಸಿದ ಮೇಲೆಯೇ ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡಬೇಕು ಅಂತ ಹೇಳಿದೆ.

ಇನ್ನು ಇಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆನ್‌ಲೈನಲ್ಲೇ ತೆಗೆಯಬಹುದು. ಓನರ್ ಕೊಟ್ಟದ್ದರ ಮೇಲೆ ನಂಬಿಕೆ ಇಡದೆ ನೀವೇ ತೆಗೆಯಿರಿ, ಕನಿಷ್ಠ 30 ವರ್ಷದ್ದು. ಫ್ಲ್ಯಾಟ್‌ನದು ಬೇರೆ, ಅದು ನಿಂತಿರುವ ಜಮೀನಿನದು ಬೇರೆ, ಎರಡೂ ಬೇಕು. ನಮೂನೆ 15ರಲ್ಲಿ ಬಂದರೆ ಆ ಅವಧಿಯಲ್ಲಿ ನೋಂದಣಿಯಾದ ವ್ಯವಹಾರಗಳಿವೆ ಅಂತ. ನಮೂನೆ 16 ಅಂದರೆ ಯಾವುದೂ ಇಲ್ಲ. ನಮೂನೆ 15ನ್ನು ಸಾಲು ಸಾಲಾಗಿ ಓದಿ. ಉದಾಹರಣೆಗೆ 2017ರಲ್ಲಿ ಒಂದು ಕ್ರಯ, ಅದರ ಕೆಳಗೆ ಅದೇ ವಾರ ಯಾವುದೋ ಬ್ಯಾಂಕಿಗೆ ‘ಹಕ್ಕುಪತ್ರ ಠೇವಣಿ’ ಅಂತ ಒಂದು ಸಾಲು ಇದೆ ಅಂದುಕೊಳ್ಳಿ. ಅಂದರೆ ಓನರ್ ಗೃಹಸಾಲ ತಗೊಂಡು ಕೊಂಡಿದ್ದಾರೆ. ಸಾಲ ತೀರಿದ್ದರೆ ಮುಂದೆ ಎಲ್ಲೋ ಒಂದು ಕಡೆ ಬಿಡುಗಡೆ ಪತ್ರದ ಸಾಲು ಇರಬೇಕು. ಇಲ್ಲದಿದ್ದರೆ ಸಾಲ ಇನ್ನೂ ಇದೆ, ಅಥವಾ ತೀರಿಸಿಯೂ ಬಿಡುಗಡೆ ಮಾಡಿಸಿಕೊಂಡಿಲ್ಲ. ಎರಡನ್ನೂ ಸರಿ ಮಾಡಬಹುದು. ಆದರೆ ಅಡ್ವಾನ್ಸ್ ಕೊಡುವ ಮುಂಚೆ ಗೊತ್ತಾಗಬೇಕು. ಪತ್ರವನ್ನು ಬ್ಯಾಂಕಿನಲ್ಲಿಟ್ಟು ಮಾಡಿದ ಅಡಮಾನ ಕೆಲವು ಸಲ ಇಸಿಯಲ್ಲಿ ಬರುವುದೇ ಇಲ್ಲ. ಅದಕ್ಕೆ ಸೆರ್ಸಾಯ್ ಅನ್ನುವ ಕೇಂದ್ರ ದಾಖಲೆಯಲ್ಲೂ ಹುಡುಕಿಸಿ. ಶುಲ್ಕ ತೀರಾ ಕಡಿಮೆ.

ಓನರ್‌ದು ಸಾಲ ಇದ್ದರೆ ಹೆದರಬೇಡಿ. ಒಂದು ಲೆಕ್ಕದಲ್ಲಿ ಒಳ್ಳೆಯದೇ, ಈಗಾಗಲೇ ಒಂದು ಬ್ಯಾಂಕಿನ ವಕೀಲರು ಆ ಪತ್ರಗಳನ್ನು ನೋಡಿರುತ್ತಾರೆ. ಓನರ್ ತಮ್ಮ ಬ್ಯಾಂಕಿನಿಂದ ಎರಡು ಪತ್ರ ತರಬೇಕು: ಎಷ್ಟು ಬಾಕಿ ಇದೆ ಅನ್ನುವುದು, ಯಾವ ಯಾವ ಮೂಲ ಪತ್ರ ಅಲ್ಲಿವೆ ಅನ್ನುವ ಪಟ್ಟಿ. ನಿಮ್ಮ ಬ್ಯಾಂಕು ಬಾಕಿ ಹಣವನ್ನು ನೇರವಾಗಿ ಆ ಬ್ಯಾಂಕಿಗೆ ಕೊಟ್ಟು ಪತ್ರ ಬಿಡಿಸಿಕೊಳ್ಳುತ್ತದೆ, ಉಳಿದದ್ದು ಓನರ್‌ಗೆ. ‘ನೀವು ಮೊದಲು ಹತ್ತು ಲಕ್ಷ ಕೊಡಿ, ನಾನು ಸಾಲ ತೀರಿಸಿ ಪತ್ರ ತಂದ್ಕೊಡ್ತೀನಿ’ ಅನ್ನುವ ಮಾತಿಗೆ ಮಾತ್ರ ಒಪ್ಪಬೇಡಿ.

ಜಮೀನಿನ ಮೂಲದಲ್ಲಿ ಎರಡು ವಿಷಯ ವಕೀಲರ ಗಮನಕ್ಕೆ ತನ್ನಿ. ಒಂದು, ಅದು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾ? 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಎಷ್ಟೋ ವರ್ಷ ಆದ ಮೇಲೂ ಜಮೀನು ವಾಪಸ್ ಹೋದ ಕೇಸುಗಳಿವೆ. ಎರಡು, ಪಿತ್ರಾರ್ಜಿತ ಆಸ್ತಿಯಾಗಿದ್ದರೆ ವಂಶವೃಕ್ಷದಲ್ಲಿರುವ ಹೆಣ್ಣುಮಕ್ಕಳೂ ಸಹಿ ಹಾಕಿದ್ದಾರಾ? 2005ರ ತಿದ್ದುಪಡಿಯ ನಂತರ ಅವರಿಗೂ ಸಮಪಾಲು. ಗಂಡುಮಕ್ಕಳು ಮಾತ್ರ ಸಹಿ ಹಾಕಿದ ಪತ್ರ ಕಂಡರೆ ಬ್ಯಾಂಕಿನ ವಕೀಲರು ಅಲ್ಲೇ ನಿಲ್ಲಿಸುತ್ತಾರೆ.

ಇಷ್ಟೆಲ್ಲ ಬ್ಯಾಂಕಿನ ವಕೀಲರೇ ನೋಡ್ತಾರಲ್ಲ ಅಂತ ನೀವು ಕೇಳಬಹುದು. ನೋಡುತ್ತಾರೆ. ಆದರೆ ಅವರು ನೋಡುವುದು ಬ್ಯಾಂಕಿನ ದುಡ್ಡಿಗಾಗಿ. ಅವರ ವರದಿಯ ಪ್ರತಿ ನಿಮಗೆ ಸಿಗದೇ ಇರಬಹುದು, ತಪ್ಪಾದರೆ ಅವರು ನಿಮಗೆ ಜವಾಬ್ದಾರರೂ ಅಲ್ಲ. ನಿಮ್ಮದೇ ಒಬ್ಬ ವಕೀಲರನ್ನು ಇಟ್ಟುಕೊಳ್ಳಿ. 68 ಲಕ್ಷದ ಮುಂದೆ ಅವರ ಫೀಸು ಏನೂ ಅಲ್ಲ.

ಹಾಗಾದರೆ ಓನರ್‌ಗೆ ಏನು ಹೇಳೋದು?

‘ಮನೆ ಇಷ್ಟ ಆಗಿದೆ, ಜೆರಾಕ್ಸ್ ಸೆಟ್ ಕೊಡಿ, ನಮ್ಮ ವಕೀಲರು, ಬ್ಯಾಂಕಿನವರು ನೋಡಿದ ಮೇಲೆ ಅಗ್ರಿಮೆಂಟ್ ಮಾಡೋಣ’ ಅನ್ನಿ. ಅಲ್ಲಿಯವರೆಗೆ ಮನೆ ಬೇರೆಯವರಿಗೆ ಹೋಗಬಾರದು ಅನ್ನಿಸಿದರೆ 25,000 ಅಥವಾ 50,000 ಟೋಕನ್ ಕೊಡಿ, ಖಾತೆಯಿಂದ ಖಾತೆಗೆ. ರಸೀದಿಯಲ್ಲಿ, ಆಮೇಲೆ ಮಾಡುವ ಅಗ್ರಿಮೆಂಟಿನಲ್ಲೂ, ಈ ಅರ್ಥದ ಸಾಲು ಇರಲಿ: ‘ಆಸ್ತಿಯ ದಾಖಲೆಗಳಲ್ಲಿನ ಕೊರತೆಯಿಂದ ಖರೀದಿದಾರರ ಬ್ಯಾಂಕು ಸಾಲ ನಿರಾಕರಿಸಿದಲ್ಲಿ, ಮಾರಾಟಗಾರರು ಪಡೆದ ಪೂರ್ತಿ ಮುಂಗಡವನ್ನು 15 ದಿನದೊಳಗೆ ಹಿಂದಿರುಗಿಸತಕ್ಕದ್ದು.’

ಈ ಒಂದು ಸಾಲು ಇಲ್ಲದೆ ಅಡ್ವಾನ್ಸ್ ಕಳೆದುಕೊಂಡವರು ಬಹಳ ಜನ. ಮಾಮೂಲಿ ಅಗ್ರಿಮೆಂಟಿನಲ್ಲಿ ‘ಕೊಳ್ಳುವವರು ಗಡುವಿನೊಳಗೆ ಹಣ ಕೊಡದಿದ್ದರೆ ಮುಂಗಡ ಮುಟ್ಟುಗೋಲು’ ಅಂತ ಮಾತ್ರ ಇರುತ್ತದೆ. ಸಾಲ ಯಾಕೆ ಸಿಗಲಿಲ್ಲ ಅಂತ ಅದು ಕೇಳುವುದೇ ಇಲ್ಲ. ಗಡುವು ಕೂಡ 90 ದಿನ ಇರಲಿ. ಹಳೆಯ ಫ್ಲ್ಯಾಟು, ಮಧ್ಯೆ ಓನರ್‌ದೊಂದು ಸಾಲ ಅಂದರೆ 45 ದಿನ ಸಾಕಾಗಲ್ಲ.

ನೀವು ಮುಂದೆ ಹೊಸ ಪ್ರಾಜೆಕ್ಟ್ ನೋಡುವುದಾದರೆ ಒಂದೆರಡು ಮಾತು. ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ನೋಂದಣಿ ನಂಬರ್ ಹಾಕಿ ನೋಡಿ. ನೋಂದಾಯಿತ ಅಗ್ರಿಮೆಂಟ್ ಮಾಡಿಕೊಡುವ ಮುಂಚೆ ಬಿಲ್ಡರ್ ಶೇ 10ಕ್ಕಿಂತ ಜಾಸ್ತಿ ಹಣ ತಗೊಳ್ಳುವಂತಿಲ್ಲ. ಕಟ್ಟುತ್ತಿರುವ ಮನೆಗೆ ಶೇ 5 ಜಿಎಸ್‌ಟಿ ಇದೆ, ಕಂಪ್ಲೀಷನ್ ಸರ್ಟಿಫಿಕೇಟ್ ಆದ ಮನೆಗೆ ಇಲ್ಲ. ಸಾಲವೂ ಹಂತ ಹಂತವಾಗಿ ಬಿಡುಗಡೆಯಾಗುತ್ತದೆ. ಅಲ್ಲಿಯವರೆಗೆ ಬಡ್ಡಿ ಮಾತ್ರ ಕಟ್ಟುತ್ತಾ, ಜೊತೆಗೆ ಬಾಡಿಗೆಯನ್ನೂ ಕೊಡಬೇಕು. ಮೊದಲ ಮನೆಗೆ ನಾನಂತೂ ಕಟ್ಟಿ ಮುಗಿದದ್ದನ್ನೇ ಹೇಳುತ್ತೇನೆ.

20 ವರ್ಷವಾ, 30 ವರ್ಷವಾ?

ಸಾಲ 54 ಲಕ್ಷ, ಬಡ್ಡಿ ಶೇ 8 ಅಂತ ಇಟ್ಟುಕೊಳ್ಳೋಣ. 20 ವರ್ಷಕ್ಕೆ ಕಂತು ಸುಮಾರು 45,170. 30 ವರ್ಷಕ್ಕೆ 39,620. ತಿಂಗಳಿಗೆ ಐದೂವರೆ ಸಾವಿರ ಉಳಿಯಿತು ಅನ್ನಿಸುತ್ತದೆ. ಈಗ ಬಡ್ಡಿ ನೋಡಿ. 20 ವರ್ಷಕ್ಕೆ ಕಟ್ಟುವ ಒಟ್ಟು ಬಡ್ಡಿ 54.4 ಲಕ್ಷ, 30 ವರ್ಷಕ್ಕೆ 88.6 ಲಕ್ಷ. ಆ ಐದೂವರೆ ಸಾವಿರಕ್ಕೆ 34 ಲಕ್ಷ ಕೊಟ್ಟ ಹಾಗಾಯಿತು.

20 ವರ್ಷದ ಸಾಲದಲ್ಲೂ ಮೊದಲ ಕಂತಿನ 45,170ರಲ್ಲಿ 36,000 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು ಒಂಬತ್ತು ಸಾವಿರ ಚಿಲ್ಲರೆ. ಶುರುವಿನ ವರ್ಷಗಳಲ್ಲಿ ಕಟ್ಟುವ ಹೆಚ್ಚುವರಿ ಹಣಕ್ಕೆ ಬೆಲೆ ಜಾಸ್ತಿ ಇರುವುದು ಇದಕ್ಕೇ. ವರ್ಷಕ್ಕೆ ಒಂದೇ ಒಂದು ಕಂತು ಜಾಸ್ತಿ ಕಟ್ಟಿದರೂ, ಬೋನಸ್ ಬಂದಾಗ ಅಂತ ಇಟ್ಟುಕೊಳ್ಳಿ, ಸಾಲ ಸುಮಾರು ಮೂರು ವರ್ಷ ಮೊದಲೇ ಮುಗಿಯುತ್ತದೆ. ಫ್ಲೋಟಿಂಗ್ ಬಡ್ಡಿಯ, ಅಂದರೆ ಏರಿಳಿಯುವ ಬಡ್ಡಿಯ, ಗೃಹಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ.

ದಂಡ ಇಲ್ಲವಲ್ಲ, 30 ವರ್ಷಕ್ಕೆ ತಗೊಂಡು ಜಾಸ್ತಿ ಜಾಸ್ತಿ ಕಟ್ಟಿದರಾಯಿತು ಅಂತ ಕೆಲವರು ಹೇಳುತ್ತಾರೆ. ಲೆಕ್ಕದಲ್ಲಿ ಸರಿ. ಆದರೆ ಸ್ಕೂಲ್ ಫೀಸು, ಟಿವಿ, ತಂಗಿ ಮದುವೆ ಅಂತ ಆ ದುಡ್ಡು ಪ್ರತಿ ತಿಂಗಳೂ ಬೇರೆ ಕಡೆ ಹರಿಯುತ್ತದೆ. 20ಕ್ಕೇ ತಗೊಳ್ಳಿ. ಕಂತು ಭಾರ ಅನ್ನಿಸಿದರೆ 25 ವರ್ಷ, ಆಗ ಕಂತು 41,680. ಅದಕ್ಕೂ ಮೇಲೆ ಹೋಗಬೇಕಾದರೆ ನೀವು ನೋಡುತ್ತಿರುವ ಮನೆ ದುಬಾರಿ ಅಂತ ಅರ್ಥ.

ಬ್ಯಾಂಕು ಸಾಮಾನ್ಯವಾಗಿ ಎಲ್ಲ ಕಂತು ಸೇರಿ ಸಂಬಳದ ಅರ್ಧದವರೆಗೆ ಒಪ್ಪುತ್ತದೆ. ನಿಮ್ಮದು 45,170 ಮತ್ತು ಕಾರಿನ 12,000. ಒಟ್ಟು 57,170, ಸಂಬಳದ ಅರ್ಧಕ್ಕೆ ಸರಿಯಾಗಿ ಬರುತ್ತದೆ. ಬ್ಯಾಂಕು ಒಪ್ಪಬಹುದು. ನಾನು ಒಪ್ಪಲ್ಲ. ಇಬ್ಬರ ಸಂಬಳದ ಮೇಲೆ ನಿಂತ ಲೆಕ್ಕ ಇದು. ಹೆರಿಗೆ ಅಂತಲೋ, ಕಂಪನಿ ಕೆಲಸದಿಂದ ತೆಗೆಯಿತು ಅಂತಲೋ, ಅಮ್ಮನಿಗೆ ಹುಷಾರಿಲ್ಲ ಅಂತಲೋ ಒಬ್ಬರು ಒಂದು ವರ್ಷ ಮನೆಯಲ್ಲಿ ಇರಬೇಕಾಗಿ ಬಂದರೆ? ದೊಡ್ಡ ಸಂಬಳ ಯಾರದೋ ಅವರೊಬ್ಬರದರಲ್ಲೇ ಗೃಹಸಾಲದ ಕಂತು ಕಟ್ಟಿ, ಅಕ್ಕಿ ಬೇಳೆಗೆ ಉಳಿಯುವ ಹಾಗಿರಬೇಕು. ಕಾರಿನ ಸಾಲವನ್ನು ಮೊದಲು ಮುಗಿಸಿ.

ಒಂದು ಉಪಾಯ ಹೇಳುತ್ತೇನೆ. ಮುಂದಿನ ಆರು ತಿಂಗಳು ಸಾಲ ಬಂದೇಬಿಟ್ಟಿದೆ ಅಂತ ಬದುಕಿ ನೋಡಿ. ಹೊಸ ಮನೆಯ ಖರ್ಚು ಕಂತು 45,000, ಮೆಂಟೆನೆನ್ಸ್ 4,000 ಅಂತ ಹಿಡಿದರೆ 49,000. ಈಗಿನ ಬಾಡಿಗೆ 18,000 ಕಳೆಯಿರಿ. ಉಳಿದ 31,000 ಅನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ, ಮುಟ್ಟಬೇಡಿ. ಆರು ತಿಂಗಳಲ್ಲಿ 1.86 ಲಕ್ಷ ಸೇರುತ್ತದೆ. ಮೂರನೇ ತಿಂಗಳೇ ಅದಕ್ಕೆ ಕೈ ಹಾಕಿದಿರಿ ಅಂದರೆ, ಈ ಸಾಲ ನಿಮಗೆ ಜಾಸ್ತಿ ಅಂತ ಒಂದು ರೂಪಾಯಿ ಬಡ್ಡಿ ಕಟ್ಟದೆ ಗೊತ್ತಾಯಿತು.

ಯಾವ ಬ್ಯಾಂಕು?

ಹೆಸರು ಹೇಳಲ್ಲ. ಏನು ಕೇಳಬೇಕು ಅಂತ ಹೇಳುತ್ತೇನೆ.

2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಗೃಹಸಾಲಗಳ ಬಡ್ಡಿ ಹೊರಗಿನ ಒಂದು ದರಕ್ಕೆ ಜೋಡಣೆಯಾಗಿರಬೇಕು. ಹೆಚ್ಚಿನವು ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ, ಅಂದರೆ ಅದು ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಜೋಡಿಸಿವೆ. ರೆಪೊ ಇಳಿದರೆ ನಿಮ್ಮ ಬಡ್ಡಿಯೂ ಇಳಿಯುತ್ತದೆ. 2025ರಲ್ಲಿ ರೆಪೊ ಶೇ 6.5ರಿಂದ ಶೇ 5.25ಕ್ಕೆ ಬಂತು, ಇಂಥ ಸಾಲ ಇದ್ದವರಿಗೆ ಅದರ ಲಾಭ ಸಿಕ್ಕಿತು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ನಿಯಮ ಇಲ್ಲ, ಅವು ತಮ್ಮದೇ ದರ ಇಟ್ಟುಕೊಂಡಿರುತ್ತವೆ. ನಿಮ್ಮಂಥ ಸಂಬಳದಾರರು ಮೊದಲು ಬ್ಯಾಂಕಿನಲ್ಲೇ ಕೇಳಿ, ಸಂಬಳ ಬರುವ ಬ್ಯಾಂಕು ಒಂದು, ಸರ್ಕಾರಿ ಬ್ಯಾಂಕು ಒಂದು. ಎಲ್ಲ ಕಡೆ ಅರ್ಜಿ ಹಾಕುತ್ತಾ ಹೋಗಬೇಡಿ. ಪ್ರತಿ ಅರ್ಜಿಗೂ ಸಿಬಿಲ್‌ನಲ್ಲಿ ಒಂದು ವಿಚಾರಣೆ ದಾಖಲಾಗುತ್ತದೆ.

ರೆಪೊ ಮೇಲೆ ಬ್ಯಾಂಕು ಎಷ್ಟು ಸೇರಿಸುತ್ತದೆ ಅಂತ ಕೇಳಿ. ಸ್ಪ್ರೆಡ್ ಅಂತಾರೆ. ಇವತ್ತಿನ ಬಡ್ಡಿಗಿಂತ ಅದು ಮುಖ್ಯ, ರೆಪೊ ಏನೇ ಆದರೂ ನಿಮ್ಮ ಜೊತೆ ವರ್ಷಗಟ್ಟಲೆ ಇರುವುದು ಅದೇ. ಸಾಲದ ಮುಖ್ಯ ವಿವರಗಳ ಪತ್ರ, ಕೆಎಫ್‌ಎಸ್, ಕೊಡಿ ಅನ್ನಿ. ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ಎರಡು ಬ್ಯಾಂಕಿನ ಕೆಎಫ್‌ಎಸ್ ಪಕ್ಕಪಕ್ಕ ಇಟ್ಟರೆ ಯಾರು ಎಲ್ಲಿ ಸೇರಿಸಿದ್ದಾರೆ ಅಂತ ತಿಳಿಯುತ್ತದೆ.

ಬಡ್ಡಿ ಏರಿದಾಗ ಏನಾಗುತ್ತದೆ ಅನ್ನುವುದನ್ನೂ ಈಗಲೇ ತಿಳಿದಿರಿ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ಶೇ 4ರಿಂದ ಶೇ 6.5ಕ್ಕೆ ಏರಿತು. ಬಹಳ ಜನರ ಕಂತು ಬದಲಾಗಲೇ ಇಲ್ಲ, ಅವರು ನೆಮ್ಮದಿಯಾಗಿದ್ದರು. ಬ್ಯಾಂಕು ಸದ್ದಿಲ್ಲದೆ ಅವಧಿಯನ್ನು ಹಿಗ್ಗಿಸಿತ್ತು. ನಿಮ್ಮ 54 ಲಕ್ಷದಲ್ಲಿ ಬಡ್ಡಿ ಶೇ 8ರಿಂದ 9 ಆಗಿ, ಕಂತು ಅಷ್ಟೇ ಇದ್ದರೆ, 20 ವರ್ಷದ ಸಾಲ 25 ವರ್ಷ ದಾಟುತ್ತದೆ. ಕಂತನ್ನೇ ಏರಿಸಿಕೊಂಡರೆ ತಿಂಗಳಿಗೆ ಜಾಸ್ತಿ ಆಗುವುದು 3,400 ರೂಪಾಯಿ ಅಷ್ಟೇ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಈ ಆಯ್ಕೆಯನ್ನು ಸಾಲಗಾರರಿಗೆ ಕೊಡಲೇಬೇಕು ಅಂತ ಹೇಳಿದೆ. ಮೆಸೇಜ್ ಬಂದಾಗ ಸುಮ್ನೆ ಅಳಿಸಬೇಡಿ. ಕಂತು ಏರಿಸಿ ಅಂತ ಬರೆದುಕೊಡಿ.

ಸಾಲ ಮಂಜೂರಾದ ದಿನ ಒಂದು ಇನ್ಶೂರೆನ್ಸ್ ಫಾರಂ ಮುಂದೆ ಬರುತ್ತದೆ. ‘ಇದು ಕಡ್ಡಾಯ ಸರ್, ಪ್ರೀಮಿಯಂ ಸಾಲಕ್ಕೇ ಸೇರಿಸ್ತೀವಿ’ ಅಂತಾರೆ. ಕಡ್ಡಾಯ ಅಲ್ಲ. 1.2 ಲಕ್ಷ ಪ್ರೀಮಿಯಂ ಸಾಲಕ್ಕೆ ಸೇರಿದರೆ 20 ವರ್ಷದಲ್ಲಿ ಅದಕ್ಕೆ 2.4 ಲಕ್ಷ ಕಟ್ಟಿರುತ್ತೀರಿ. ಆದರೆ ಇನ್ಶೂರೆನ್ಸೇ ಬೇಡ ಅಂತ ನಾನು ಹೇಳುತ್ತಿಲ್ಲ. ಸಾಲದಷ್ಟು ಮೊತ್ತದ ಟರ್ಮ್ ಪಾಲಿಸಿಯನ್ನು ಇಬ್ಬರೂ ಹೊರಗೆ ಮಾಡಿಸಿಕೊಳ್ಳಿ. ಬ್ಯಾಂಕು ಬದಲಾಯಿಸಿದರೂ ಅದು ನಿಮ್ಮ ಜೊತೆ ಬರುತ್ತದೆ.

ಸಿಬಿಲ್ ವರದಿಯನ್ನು ಅರ್ಜಿಗೆ ಮೊದಲೇ ತೆಗೆದು ನೋಡಿ, ವರ್ಷಕ್ಕೊಂದು ಪೂರ್ತಿ ವರದಿ ಉಚಿತ. 750ರ ಮೇಲಿದ್ದರೆ ಒಳ್ಳೆಯದು. ಅಂಕಕ್ಕಿಂತ ಒಳಗಿನ ವಿವರ ನೋಡಿ. ಹಳೆಯ ಕ್ರೆಡಿಟ್ ಕಾರ್ಡೊಂದನ್ನು ಪೂರ್ತಿ ಕಟ್ಟದೆ ರಾಜಿ ಮಾಡಿ ಮುಗಿಸಿದ್ದರೆ ಅಲ್ಲಿ ‘ಸೆಟಲ್ಡ್’ ಅಂತ ಇರುತ್ತದೆ. ಬಾಕಿ ಕಟ್ಟಿ ಅದನ್ನು ‘ಕ್ಲೋಸ್ಡ್’ ಮಾಡಿಸಿಕೊಂಡೇ ಬ್ಯಾಂಕಿಗೆ ಹೋಗಿ.

ತೆರಿಗೆ ಉಳಿಯುತ್ತೆ ಅನ್ನುವ ಲೆಕ್ಕವನ್ನು ಇದರಲ್ಲಿ ಸೇರಿಸಬೇಡಿ. ನೀವೇ ವಾಸಿಸುವ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿದ್ದರೆ ಇಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಹಾಯಧನವೂ ನಿಮಗೆ ಬರಲ್ಲ. ಅದು ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗೆ, ಮನೆ ಬೆಲೆ 35 ಲಕ್ಷದೊಳಗೆ ಇರುವವರಿಗೆ. ತುಮಕೂರು, ಹಾಸನದ ಕಡೆ ಮೊದಲ ಮನೆ ಮಾಡುತ್ತಿರುವವರು ಮಾತ್ರ ಕೇಳಿ ನೋಡಿ, 1.8 ಲಕ್ಷದವರೆಗೆ ಬರುತ್ತದೆ.

ಎಲ್ಲ ಸರಿಹೋಗಿ ರಿಜಿಸ್ಟ್ರೇಷನ್ ಆದ ಮೇಲೆ ಎರಡು ಕೆಲಸ ಬಾಕಿ ಇರುತ್ತವೆ. ಖಾತಾ ಮತ್ತು ಕರೆಂಟ್ ಬಿಲ್ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ರಿಜಿಸ್ಟ್ರೇಷನ್ ಆದ ತಕ್ಷಣ ಖಾತಾ ತಾನಾಗೇ ಬಂತು ಅಂದುಕೊಂಡು ಕೂರಬೇಡಿ. ಮೂಲ ಪತ್ರಗಳನ್ನು ಬ್ಯಾಂಕಿಗೆ ಕೊಡುವಾಗ ಪ್ರತಿಯೊಂದರ ಹೆಸರು, ತಾರೀಕು, ಪುಟಗಳ ಸಂಖ್ಯೆ ಇರುವ ಪಟ್ಟಿಗೆ ಬ್ಯಾಂಕಿನ ಸಹಿ, ಸೀಲು ಹಾಕಿಸಿಕೊಳ್ಳಿ, ಸ್ಕ್ಯಾನ್ ಮಾಡಿಸಿಡಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಪತ್ರಗಳನ್ನು ವಾಪಸ್ ಕೊಡಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಏನು ಕೊಟ್ಟಿದ್ದಿರಿ ಅಂತ ಆಗ ತೋರಿಸಲು ನಿಮ್ಮ ಹತ್ತಿರ ಇರುವುದು ಆ ಪಟ್ಟಿ ಒಂದೇ.